ಹಲ್ಲಿನ ಕುರ್ಚಿಯಲ್ಲಿ ಓದಿದ ಲಾಗ್ ಬುಕ್ಕು

ಮನುಷ್ಯ ತಾನು ಎಲ್ಲಿಂದ ಬಂದವನೆಂಬುದನ್ನು ಸ್ಪಷ್ಟವಾಗಿ ಕಾಣಬೇಕಾದರೆ ಒಮ್ಮೆಯಾದರೂ ನೆಲ ಬಿಟ್ಟು ಮೇಲೇರಬೇಕು. ಎತ್ತರದಿಂದ ನೋಡಿದಾಗ ಜಗಳಗಳು ಸಣ್ಣವಾಗುತ್ತವೆ, ಬೇಲಿಗಳು ಅಳಿಸಿಹೋಗುತ್ತವೆ, ಸ್ವಂತ ಮನೆ ಮಾತ್ರ ಹಣತೆಯಂತೆ ಬೆಳಗುತ್ತದೆ. ಇದು ನಾನು ಹಾರಲು ಕಲಿಯುವ ಮೊದಲು ನಂಬಿದ್ದ ಮಾತು. ಕಳೆದ ನವೆಂಬರಿನಲ್ಲಿ ನಾನೇ ವಿಮಾನ ನಡೆಸಿಕೊಂಡು ಬಂದು ನಮ್ಮೂರು ಅಡ್ಡಗದ್ದೆಯ ಮೇಲೆ ಮೂರು ಸುತ್ತು ಹಾಕಿದೆ. ಜಗಳ ಸಣ್ಣದಾಗಲಿಲ್ಲ, ಹಳೆಯದೊಂದಕ್ಕೆ ಜೀವ ಬಂತು. ಬೇಲಿಗಳೆಲ್ಲ ಬಹಳ ಚೆನ್ನಾಗಿ ಕಂಡವು. ಮನೆ ಸಿಕ್ಕಲಿಲ್ಲ.

ನಾನು ಮೂವತ್ತೊಂದು ವರ್ಷ ಸರಕಾರಿ ಸರ್ವೇಯರ್ ಆಗಿದ್ದವನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳಲ್ಲಿ ನಾನು ಸರಪಳಿ ಎಳೆಯದ ಗುಡ್ಡ ಕಡಿಮೆ, ನನಗೆ ಶಾಪ ಹಾಕದ ಮನೆ ಇನ್ನೂ ಕಡಿಮೆ. ಗಡಿಕಲ್ಲು ಎಲ್ಲಿ ನೆಟ್ಟರೂ ಆಚೆ ಈಚೆಯ ಎರಡು ಮನೆಗಳಲ್ಲಿ ಒಂದಕ್ಕೆ ಸರ್ವೇಯರ್ ಕಳ್ಳನಾಗಿಯೇ ಕಾಣುತ್ತಾನೆ. ಎರಡಕ್ಕೂ ಹಾಗೆ ಕಂಡರೆ ಅಳತೆ ಸರಿಯಾಗಿದೆ ಎಂದು ಅರ್ಥ. ನಿವೃತ್ತಿಯ ದಿನ ಕಚೇರಿಯಲ್ಲಿ ಶಾಲು ಹೊದೆಸಿ, "ಇನ್ನು ಮುಂದೇನು ಸಾರ್?" ಎಂದು ಕೇಳಿದರು. "ಎಲ್ಲವನ್ನೂ ಒಂದ್ಸಲ ಮೇಲಿನಿಂದ ನೋಡಬೇಕು ಅಂತಿದೆ" ಎಂದೆ. ಅವರು ಅದನ್ನು ವೈರಾಗ್ಯವೆಂದು ತಿಳಿದು ಗೌರವದಿಂದ ತಲೆಯಾಡಿಸಿದರು. ಮೂರು ವರ್ಷದ ನಂತರ ನನಗೆ ಖಾಸಗಿ ಪೈಲಟ್ ಲೈಸೆನ್ಸ್ ಬಂತು. ಅದಕ್ಕಾಗಿ ಏನೇನು ಕರಗಿತು ಎಂಬುದು ನಮ್ಮ ಮನೆಯಲ್ಲಿ ಚರ್ಚೆಗೆ ನಿಷಿದ್ಧವಾದ ವಿಷಯ.

ಖಾಸಗಿ ಲೈಸೆನ್ಸ್ ಎಂದರೆ ಬಾಡಿಗೆಗೆ ಜನರನ್ನು ಸಾಗಿಸುವಂತಿಲ್ಲ, ಸಂಬಳಕ್ಕೆ ಹಾರುವಂತಿಲ್ಲ. ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನವನ್ನು ಗಂಟೆಗಿಷ್ಟೆಂದು ಪಡೆದು ಸ್ವಂತ ಸಂತೋಷಕ್ಕೆ ಹಾರಬಹುದು, ಅಷ್ಟೆ. ಇದನ್ನು ಶೃಂಗೇರಿಯ ಬಸ್ ಸ್ಟ್ಯಾಂಡಿನಲ್ಲಿ ವಿವರಿಸಿ ಗೆದ್ದವರಿಲ್ಲ.

"ಪ್ರೈವೇಟಾ? ಒಳ್ಳೇದಾಯ್ತು ಮಾರಾಯ್ರೆ" ಎಂದರು ಅಲ್ಲಿನ ಬುಕಿಂಗ್ ಏಜೆಂಟರು. "ಗವರ್ಮೆಂಟಿಂದಾದ್ರೆ ಕಾದು ಕಾದು ಕಾಲು ಸೋಲ್ತದೆ. ಪ್ರೈವೇಟು ಟೈಮಿಗೆ ಸರೀ."

"ನಂದು ಯಾವ ಊರಿಗೂ ಹೋಗಲ್ಲ. ಹೊರಟಲ್ಲಿಗೇ ವಾಪಸ್ ಬರೋದು."

"ಹಾಂ? ಹಾಗಾದ್ರೆ ಎಂತಕ್ಕೆ ಹೋಗೂದು?"

ಈ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿತ್ತು. ಸ್ವಲ್ಪ ಉದ್ದದ ಉತ್ತರವೇ ಇತ್ತು. ಈಗ ನೆನಪಾಗುತ್ತಿಲ್ಲ.

ನನಗೆ ತಿಳಿದಂತೆ ನಮ್ಮ ಕಡೆ ಈ ಲೈಸೆನ್ಸ್ ಇರುವವರು ಮೂವರು, ತಹಸೀಲ್ದಾರರ ಹಾಗೆ ತಾಲ್ಲೂಕಿಗೊಬ್ಬರು. ಶೃಂಗೇರಿಯ ಪಾಲಿಗೆ ನಾನು. ನರಸಿಂಹರಾಜಪುರದ ಪಾಲಿಗೆ ಸೀತೂರಿನ ಹಿರಿಯರು. ಕಾಫಿ, ಅಡಿಕೆ, ಗದ್ದೆ ಮೂರೂ ಉಳ್ಳವರು, ಎಪ್ಪತ್ತು ದಾಟಿದವರು, ಮೀಸೆ ಕಪ್ಪಗಿದ್ದ ಕಾಲದಿಂದ ಹಾರುತ್ತಿರುವವರು. ಅವರ ಮೀಸೆ ದಾಟಿ ಮಾತು ಹೊರಬರುವುದು ಅಪರೂಪ. ಕೊಪ್ಪದ ಪಾಲಿಗೆ ಒಬ್ಬ ದಂತವೈದ್ಯ, ನಮ್ಮಿಬ್ಬರಿಗಿಂತ ಎಷ್ಟೋ ಚಿಕ್ಕವನು. ಬಾಯಿ ತೆರೆದು ಮಲಗಿದವರ ಜೊತೆ ದಿನವಿಡೀ ಮಾತಾಡುವ ಕಸುಬಾದ್ದರಿಂದ, ಎದುರಿನವರು ಉತ್ತರ ಕೊಡುವ ಸಾಧ್ಯತೆಯಿದೆ ಎಂಬುದು ಅವನಿಗೆ ಹೊಳೆದಿಲ್ಲ. ನಮ್ಮ ಕ್ಲಬ್ಬು ಬಯಲುಸೀಮೆಯಲ್ಲಿದೆ. ಅರ್ಧ ಗಂಟೆ ಹಾರಬೇಕಾದರೆ ಅರ್ಧ ದಿನ ಬಸ್ಸಿನಲ್ಲಿ ಕುಲುಕಬೇಕು. ಆದ್ದರಿಂದ ನಾವು ಮೂವರೂ ಹಾರುವುದಕ್ಕಿಂತ ಹೆಚ್ಚಾಗಿ ಹಾರುವುದರ ಬಗ್ಗೆ ಮಾತಾಡುತ್ತೇವೆ.

ಆ ಮಾತಿಗೂ ಒಂದು ಶಿಸ್ತು ಬೇಕೆಂದು ವಾರ್ಷಿಕ ಸಭೆ ಶುರುವಾಯಿತು. ಡಿಸೆಂಬರಿನ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ಕೊಪ್ಪದಲ್ಲಿ ದಂತವೈದ್ಯನ ಕ್ಲಿನಿಕ್ಕಿನಲ್ಲಿ. ಅಂದು ರೋಗಿಗಳಿರುವುದಿಲ್ಲ. ಒಬ್ಬೊಬ್ಬರಾಗಿ ಹಲ್ಲಿನ ಕುರ್ಚಿ ಹತ್ತಿ, ತಲೆಯ ಮೇಲಿನ ದೀಪ ಹಾಕಿಸಿಕೊಂಡು, ವರ್ಷದ ಲಾಗ್ ಬುಕ್ಕನ್ನು ಗಟ್ಟಿಯಾಗಿ ಓದಬೇಕು. ಲಾಗ್ ಬುಕ್ಕೆಂದರೆ ಪೈಲಟ್ ತನ್ನ ಪ್ರತಿಯೊಂದು ಹಾರಾಟವನ್ನೂ ತನ್ನ ಕೈಯಾರೆ ಬರೆದಿಡಬೇಕಾದ ದಾಖಲೆ: ದಿನ, ವಿಮಾನ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಕೊನೆಯಲ್ಲಿ ಷರಾ. ಒಂದೊಂದು ಸಾಲು ಓದಿದಾಗಲೂ ಮಿಕ್ಕ ಇಬ್ಬರು "ಒಪ್ಪಿಗೆ" ಎನ್ನಬೇಕು. ಅನ್ನದಿದ್ದರೆ ಸಾಲು ಮುಂದೆ ಹೋಗುವುದಿಲ್ಲ.

ಈ ಒಪ್ಪಿಗೆಯ ಪದ್ಧತಿ ತಂದವನು ನಾನೇ. ಮೊದಲ ವರ್ಷ ದಂತವೈದ್ಯ ತನ್ನದೊಂದು ಇಳಿತವನ್ನು 'ಮಲ್ಲಿಗೆಯಂತೆ' ಎಂದು ಬರೆದಿದ್ದ. ಆ ಮಲ್ಲಿಗೆ ರನ್‌ವೇ ಮೇಲೆ ಮೂರು ಸಲ ಪುಟಿದದ್ದನ್ನು ಸೀತೂರಿನವರು ಕಂಡಿದ್ದರು. ಆಗ ನಾನು, "ಮಹಜರಿನಲ್ಲಿ ಪಕ್ಕದ ಜಮೀನಿನವ ಒಪ್ಪಿಗೆ ಅನ್ನದೆ ಗಡಿ ಖಾಯಂ ಆಗೋದಿಲ್ಲ. ನಮ್ಮಲ್ಲೂ ಹಾಗೇ ಇರಲಿ" ಎಂದು ಕಾನೂನು ಮಾಡಿದೆ. ಕಾನೂನು ಮಾಡುವಾಗ ಅದು ಇನ್ನೊಬ್ಬರಿಗೆ ಎಂಬ ಭಾವನೆ ಎಲ್ಲರಿಗೂ ಇರುತ್ತದೆ.

ಓದಿ ಮುಗಿದ ಮೇಲೆ ಮುಂದಿನ ವರ್ಷದ ಸಂಕಲ್ಪವನ್ನು ಒಂದು ಹಾಳೆಯಲ್ಲಿ ಬರೆದು, ಹಲ್ಲಿನ ಎಕ್ಸ್‌ರೇ ಕವರಿನಲ್ಲಿ ಹಾಕಿ ಅಂಟಿಸಿ, ಕ್ಲಿನಿಕ್ಕಿನ ಪ್ಲಾಸ್ಟರ್ ದವಡೆಗಳ ಕಪಾಟಿನಲ್ಲಿ ಇಡಬೇಕು. ಮುಂದಿನ ಸಭೆ ಶುರುವಾಗುವುದು ಅದನ್ನು ಒಡೆಯುವುದರಿಂದ. ಸೀತೂರಿನವರ ಸಂಕಲ್ಪ ಪ್ರತಿವರ್ಷವೂ ಒಂದೇ: 'ಕ್ಷೇಮವಾಗಿ ಇಳಿಯುವುದು.' ಕಳೆದ ವರ್ಷಕ್ಕೆಂದು ನಾನು ಬರೆದಿಟ್ಟಿದ್ದು: 'ನಮ್ಮ ಮನೆಯನ್ನು ಮೇಲಿನಿಂದ ನೋಡುವುದು.'

ಜನವರಿಯಿಂದ ಮೇ ತನಕ ಅದಕ್ಕೆ ಅನುಮತಿ, ಹವೆ, ವಿಮಾನ ಮೂರೂ ಒಂದೇ ದಿನ ಕೂಡಿಬರಲಿಲ್ಲ. ಜೂನಿನಿಂದ ಮಳೆ. ಮಳೆಗಾಲದಲ್ಲಿ ಖಾಸಗಿ ಪೈಲಟ್ ಎಂಬ ಪ್ರಾಣಿ ಮನೆಯೊಳಗೆ ನಕ್ಷೆ ಮಡಚುತ್ತಾ ಬಿಡಿಸುತ್ತಾ ಬದುಕುತ್ತದೆ. ಹಾಗೆ ಜುಲೈಯಲ್ಲಿ ಒಂದು ದಿನ ನಕ್ಷೆ ಮಡಚುವಾಗ ನನ್ನ ಎಡಗೈಯ ಕಿರುಬೆರಳು, ಉಂಗುರದ ಬೆರಳು ಎರಡಕ್ಕೂ ಕಾಗದ ತಾಗಿದ್ದು ತಿಳಿಯಲಿಲ್ಲ. ಕಣ್ಣಿಗೆ ಕಂಡಿತು, ಬೆರಳಿಗೆ ಗೊತ್ತಾಗಲಿಲ್ಲ. ನೋವಿಲ್ಲ, ಉರಿಯಿಲ್ಲ. ಬೇರೆಯವರ ಬೆರಳನ್ನು ಎರವಲು ತಂದು ಜೋಡಿಸಿದ ಹಾಗೆ. ಮಲಗಿದ್ದು ಹೆಚ್ಚು ಕಡಿಮೆ ಆಗಿರಬೇಕೆಂದುಕೊಂಡೆ. ಸೆಪ್ಟೆಂಬರ್ ಬಂತು, ಬೆರಳು ಬರಲಿಲ್ಲ.

ಇದು ಸಾಮಾನ್ಯ ಮನುಷ್ಯನಿಗೆ ದೊಡ್ಡ ವಿಷಯವಲ್ಲ. ಆದರೆ ಸಣ್ಣ ವಿಮಾನದಲ್ಲಿ ಪೈಲಟ್ ಎಡಗಡೆ ಕೂರುತ್ತಾನೆ. ಬಲಗೈ ಎಂಜಿನ್ನಿನ ಮೇಲಿರುತ್ತದೆ, ವಿಮಾನವನ್ನು ಹಿಡಿದಿರುವುದು ಎಡಗೈ. ನನ್ನ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಬೇರೆ. ನನ್ನದು ಜನವರಿ ಕೊನೆಯೊಳಗೆ ಆಗಬೇಕು. ಅದರ ಫಾರ್ಮಿನಲ್ಲಿ ಕಾಯಿಲೆಗಳ ಪಟ್ಟಿ ಕೊಟ್ಟು ಹೌದು ಅಥವಾ ಇಲ್ಲ ಎಂದು ಗುರುತು ಹಾಕಲು ಹೇಳುತ್ತಾರೆ. ಅದರಲ್ಲಿ ಒಂದು ಸಾಲು: ಕೈಕಾಲುಗಳಲ್ಲಿ ಜೋಮು, ಸ್ಪರ್ಶ ತಿಳಿಯದಿರುವುದು. ಹೌದೆಂದರೆ ಹಾರಾಟ ನಿಲ್ಲುತ್ತದೆ. ಇಲ್ಲವೆಂದರೆ ಸುಳ್ಳು. ಮೂವತ್ತೊಂದು ವರ್ಷ ಮೊಳದುದ್ದದ ಸುಳ್ಳಿಗೂ ಕಲ್ಲು ಕಿತ್ತು ಮತ್ತೆ ನೆಡಿಸಿದವನು ನಾನು. ಯೋಚಿಸಲು ಜನವರಿಯ ತನಕ ಕಾಲವಿದೆ ಎಂದು ಯಾರಿಗೂ ಹೇಳದೆ ಸುಮ್ಮನಿದ್ದೆ.

ನವೆಂಬರಿನ ಕೊನೆಯಲ್ಲಿ ಎಲ್ಲವೂ ಕೂಡಿಬಂತು. ಸೀತೂರಿನವರು ಬಲಗಡೆಯ ಸೀಟಿಗೆ ಬರಲು ಒಪ್ಪಿದರು. ಅಲ್ಲೂ ವಿಮಾನ ನಡೆಸುವ ಹಿಡಿಕೆಯೊಂದು ಇರುತ್ತದೆ. ಹಿಂದಿನ ದಿನ ಬಸ್ಸಿಗೆ ಹೊರಡುವ ಮುನ್ನ ಹೆಂಡತಿಗೆ ಸೂಚನೆ ಕೊಟ್ಟೆ.

"ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಬರ್ತೇನೆ. ಮೇಲಿಂದ ಗುರುತು ಸಿಗಬೇಕು. ಅಂಗಳದಲ್ಲಿ ಆ ಹೊಸ ನೀಲಿ ಟಾರ್ಪಾಲು ಹರಡಿ, ಅದರ ಪಕ್ಕ ನೀನು ನಿಲ್ಲು."

"ಅದರ ಮೇಲೆ ಅಡಿಕೆ ಒಣಗಿಸೂದು ಬೇಡವಾ ಹಾಗಾದ್ರೆ?"

"ಅಡಿಕೆ ಇರಲಿ, ಅಂಚು ಕಂಡ್ರೆ ಸಾಕು."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಏನೋ ಹೇಳಬೇಕೆಂದು ಹೊರಟು ಹೇಳಲಿಲ್ಲ. ನಾನು ಅದನ್ನು ಅಭಿಮಾನವೆಂದು ತಿಳಿದೆ.

ಮಲೆನಾಡಿನ ಬೇರೆ ಯಾರಾದರೂ ಈ ಸೂಚನೆ ಕೊಟ್ಟಿದ್ದರೆ ನಾನೇ ನಗುತ್ತಿದ್ದೆ. ಅಡಿಕೆ ಒಣಗಿಸುವ ಕಾಲ. ಕೊಪ್ಪ ದಾಟಿ, ಹೊಳೆ ಹಿಡಿದು, ಶೃಂಗೇರಿಯ ದಿಕ್ಕಿಗೆ ತಿರುಗಿ ಕೆಳಗೆ ನೋಡಿದರೆ ಪ್ರತಿ ಅಂಗಳದಲ್ಲೂ ನೀಲಿ ಟಾರ್ಪಾಲು, ಪ್ರತಿ ಟಾರ್ಪಾಲಿನ ಪಕ್ಕದಲ್ಲೂ ಅಡಿಕೆಯಲ್ಲಿ ಕೈಯಾಡಿಸುವ ಒಬ್ಬ ಹೆಂಗಸು. ಇಡೀ ಕಣಿವೆ ನನ್ನ ಹೆಂಡತಿಯಾಗಿ ನಿಂತು ಮೇಲೆ ನೋಡುತ್ತಿತ್ತು.

"ಯಾವುದು?" ಎಂದರು ಸೀತೂರಿನವರು.

"ಆ ನೀಲಿ."

ಅವರು ಕಿಟಕಿಯಿಂದ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. "ಹೂಂ" ಎಂದರು.

ದೂರದಲ್ಲಿ ಕೆರೆಕಟ್ಟೆಯ ಕಾಡು ಕಪ್ಪಗೆ ಮಲಗಿತ್ತು. ಕೆಳಗೆ ನಾನು ಅಳೆದ ನೆಲ. ಈ ಗಳಿಗೆಗೆಂದು ನಾನು ಜೇಬಿನಲ್ಲಿ ಒಗೆದ ಕರವಸ್ತ್ರ ಇಟ್ಟುಕೊಂಡಿದ್ದೆ. ಹುಟ್ಟಿದ ನೆಲವನ್ನು ಆಕಾಶದಿಂದ ಕಂಡ ಮಗನಿಗೆ ಏನಾದರೂ ಆಗಬೇಕಲ್ಲ. ಏನೂ ಆಗಲಿಲ್ಲ. ಸರ್ವೆ ನಂಬರುಗಳು ನೆನಪಾದವು, ಅಷ್ಟೆ. ಕರವಸ್ತ್ರದಿಂದ ಕಿಟಕಿಯ ಗಾಜು ಒರೆಸಿದೆ.

ರಸ್ತೆಯ ತಿರುವು, ದೊಡ್ಡ ಹಲಸಿನ ಮರ, ಹೆಂಚಿನ ಮಾಡು ಎಲ್ಲ ಹೊಂದುವ ಒಂದು ಮನೆ ಕಂಡಿತು. ಇದೇ ಎಂದು ತೀರ್ಮಾನಿಸಿ ಸುತ್ತತೊಡಗಿದೆ. ಅಂಗಳದಲ್ಲಿ ಒಬ್ಬ ಹೆಂಗಸು ಕೈ ಹಣೆಗೆ ಹಿಡಿದು ಮೇಲೆ ನೋಡಿದಳು. ಮೂರನೇ ಸುತ್ತಿನಲ್ಲಿ ರೆಕ್ಕೆ ಅತ್ತಿತ್ತ ಬಾಗಿಸಿ ವಂದಿಸಬೇಕೆಂದು ಮೊದಲೇ ಯೋಚಿಸಿದ್ದೆ. ಸ್ವಲ್ಪವೇ ಬಾಗಿಸಿದೆ, ಅಥವಾ ಹಾಗೆಂದು ನನ್ನ ಎಡಗೈ ನನಗೆ ವರದಿ ಕೊಟ್ಟಿತು. ವಿಮಾನ ಪಕ್ಕಕ್ಕೆ ಕವುಚಿತು. ಮೂಗು ಕೆಳಗಾಯಿತು. ಅಂಗಳದ ನೀಲಿ ಇಡೀ ಗಾಜು ತುಂಬಿಕೊಂಡು ನಿಂತಿತು. ನನಗೆ ಹೆದರಿಕೆಯೂ ಆಗಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಇದು ಯಾರೋ ಹೇಳುತ್ತಿರುವ ಸಂಗತಿಯೆಂಬಂತೆ ನೋಡುತ್ತಾ ಕೂತಿದ್ದೆ.

"ನನ್ನ ಕೈಲಿದೆ" ಎಂದರು ಸೀತೂರಿನವರು, ಅನ್ನ ಬಡಿಸಿ ಎನ್ನುವ ದನಿಯಲ್ಲಿ.

ವಿಮಾನ ನೆಟ್ಟಗಾಯಿತು. ಅರ್ಧ ನಿಮಿಷದ ಬಳಿಕ "ತಗೊಳ್ಳಿ" ಎಂದರು. ತಗೊಂಡೆ. ವಾಪಸಾಗಿ ಇಳಿದು, ಬಸ್ಸಿಗೆ ಮೊದಲು ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಲಾಗ್ ಬುಕ್ಕು ತೆಗೆದು ಆ ದಿನದ ಸಾಲು ತುಂಬಿದೆ. ಷರಾ: 'ವಿಶೇಷವಿಲ್ಲ.'

ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ನಮ್ಮ ಅಂಗಳಕ್ಕೆ ಒಬ್ಬರು ಬಂದರು. ಎರಡು ಮೈಲಿಯಾಚೆಯ ಮನೆಯವರು. ಹದಿನೈದು ವರ್ಷದ ಹಿಂದೆ ಅವರ ಗಡಿಕಲ್ಲನ್ನು ನಾನು ಅವರು ತೋರಿಸಿದ ಜಾಗಕ್ಕಿಂತ ಎರಡು ಹೆಜ್ಜೆ ಒಳಗೆ ನೆಡಿಸಿದ್ದೆ. ಅಂದಿನಿಂದ ಮಾತು ಬಿಟ್ಟಿದ್ದರು. ಮದುವೆ ಮನೆಯಲ್ಲಿ ಎದುರು ಪಂಕ್ತಿಯಲ್ಲಿ ಕೂತರೂ ನನ್ನನ್ನು ದಾಟಿ ಗೋಡೆಯನ್ನು ನೋಡುತ್ತಿದ್ದರು. ಈಗ ಕಂಕುಳಲ್ಲಿ ಹಳೆಯ ನಕ್ಷೆಯ ಸುರುಳಿ ಹಿಡಿದುಕೊಂಡು ಬಂದಿದ್ದರು.

"ಎಂತ ಸರ್ವೇಯರ್ರೇ, ರಿಟೈರಾದ್ರೂ ಬಿಡೂದಿಲ್ವಾ ನೀವು? ಕೆಳಗಿಂದ ಅಳ್ದು ತೃಪ್ತಿ ಆಗ್ಲಿಲ್ಲ ಅಂತ ಈಗ ಮೇಲಿಂದಲಾ?"

ನಾನು ವಿಷಯ ತಿಳಿಯದೆ ನಿಂತೆ. ಹೆಂಡತಿಗೆ ತಿಳಿಯಿತು.

"ನಿಮ್ಮನೆ ಮೇಲೆ ಬಂದಿತ್ತಾ ವಿಮಾನ?" ಎಂದಳು.

"ಬಂದಿತ್ತಾ ಅಂದ್ರೆ? ಮೂರು ಸುತ್ತು ಅಮ್ಮ! ನಾನು ಎಣಿಸಿದ್ದೇನೆ."

"ಮೂರಾ?" ಅವಳು ನನ್ನ ಕಡೆ ತಿರುಗಿದಳು. "ನಾನು ಒಂಬತ್ತು ಗಂಟೆಯಿಂದ ಕೊಡೆ ಹಿಡ್ಕಂಡು ಟಾರ್ಪಾಲಿನ ಬುಡದಲ್ಲಿ ನಿಂತಿದ್ದೆ. ಗುಡ್ಡದಾಚೆ ಶಬ್ದ ಬಂತು, ಹೋಯ್ತು. ನನ್ನ ತಲೆ ಮೇಲೆ ಒಂದು ಸುತ್ತೂ ಇಲ್ಲ."

"ಸುತ್ತು ಮಾತ್ರ ಅಲ್ಲ, ರೆಕ್ಕೆ ಬಗ್ಗಿಸಿ ನಮ್ಮನೆಯವಳಿಗೆ ಸಲಾಮೂ ಆಯ್ತು."

"ಸಲಾಮು ಬೇರೆ" ಎಂದಳು ಹೆಂಡತಿ. "ಊರವರಿಗೆಲ್ಲ ಗಡಿ ತೋರಿಸಿದವ್ರಿಗೆ ಸ್ವಂತ ಅಂಗಳ ಸಿಕ್ಕಲಿಲ್ಲ. ಟಾರ್ಪಾಲು ಎಲ್ಲರ ಮನೇಲೂ ಇರ್ತದಲ್ಲ ಅಂತ ಆವತ್ತೇ ಹೇಳ್ಬೇಕು ಅಂದ್ಕಂಡೆ. ದೊಡ್ಡ ಲೈಸೆನ್ಸಿನವ್ರು, ಯೋಚ್ನೆ ಮಾಡೇ ಹೇಳಿರ್ತಾರೆ ಅಂತ ಸುಮ್ನಾದೆ."

ಬಂದವರಿಗೆ ಇದು ಅಳತೆಯಲ್ಲ, ದಾರಿ ತಪ್ಪಿದ್ದು ಎಂದು ನಿಧಾನವಾಗಿ ಅರ್ಥವಾಯಿತು. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅವರು ನನ್ನ ಮುಖ ನೋಡಿ ನಕ್ಕರು. ಜಗಲಿಯಲ್ಲಿ ಕೂತು ಕಾಫಿ ಕುಡಿದರು. ರಾಜಿಯಾದದ್ದೇನೂ ಅಲ್ಲ. ನಾನು ನೆಲದಲ್ಲೂ ಹೀಗೇ ದಾರಿ ತಪ್ಪಿರಬೇಕೆಂಬ ಪುರಾವೆ ಅವರಿಗೆ ಸಿಕ್ಕಿತ್ತು, ಅದರ ಸಂತೋಷ. ಎದ್ದು ಹೊರಡುವಾಗ ಮೆಟ್ಟಿಲಿನ ಮೇಲೆ ನಿಂತರು.

"ಒಂದು ಮಾತು ಸರ್ವೇಯರ್ರೇ. ಕಡೇ ಸುತ್ತಲ್ಲಿ ಅದು ಬಿದ್ದೇ ಬಿತ್ತು ಅಂದ್ಕಂಡೆ ನಾನು. ನಮ್ಮನೆಯವಳು ಅಂಗಳದಲ್ಲೇ ಇದ್ಲು. ಓಡು ಅಂದ್ರೆ ಕಾಲೇ ಬರ್ಲಿಲ್ಲ ಅವಳಿಗೆ. ಹಾಗೆಲ್ಲ ಬಗ್ಗಿಸ್ತಾರಾ ಅದನ್ನ?"

"ಗಾಳಿ" ಎಂದೆ.

ಅವರು ಹೋದರು. ಹೆಂಡತಿ ಲೋಟಗಳನ್ನು ಎತ್ತಿಕೊಳ್ಳುತ್ತಾ ಕೇಳಿದಳು. "ಕೈಗೆ ಎಂತಾಗಿದೆ?"

"ಎಂತದೂ ಇಲ್ಲ."

"ಮೊನ್ನೆ ಒಲೆ ಮೇಲಿಂದ ಹಾಲಿನ ತಪಲೆ ಎಡಗೈಯಲ್ಲಿ ಹಿಡಿದು ಇಳಿಸಿದ್ರಿ. ಇಕ್ಕುಳ ಬೇಡವಾ ಅಂದೆ, ಬೇಡ ಅಂದ್ರಿ. ನಾನು ನೋಡ್ತಾ ನಿಂತಿದ್ದೆ. ಬೆರಳು ಕೆಂಪಾಗಿತ್ತು, ಮುಖದಲ್ಲಿ ಎಂತದೂ ಇರ್ಲಿಲ್ಲ."

ನಾನು ಪತ್ರಿಕೆ ಬಿಡಿಸಿದೆ. ಅವಳು ಮತ್ತೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಚರ್ಚೆಗೆ ನಿಷಿದ್ಧವಾದ ವಿಷಯಗಳು ಎರಡಾದವು.

ಸಭೆಯ ದಿನ ಬಂತು. ಕೊಪ್ಪದ ಪೇಟೆ ಭಾನುವಾರದ ಸೋಮಾರಿತನದಲ್ಲಿತ್ತು. ದಂತವೈದ್ಯ ಕಷಾಯ ಕಾಸಿಟ್ಟಿದ್ದ. ಅವನ ಹೆಂಡತಿ ಕಳಿಸಿದ ಕೋಡುಬಳೆ ಉಪಕರಣಗಳ ತಟ್ಟೆಯಲ್ಲಿತ್ತು. ಆ ತಟ್ಟೆಯನ್ನು ತೊಳೆದಿದ್ದಾನೆಂದು ಅವನು ಪ್ರತಿವರ್ಷ ಪ್ರಮಾಣ ಮಾಡುತ್ತಾನೆ. ಕವರುಗಳನ್ನು ಒಡೆದೆವು. ದಂತವೈದ್ಯನದು 'ಸಮುದ್ರದ ಮೇಲೆ ಹಾರುವುದು.'

"ಹಾರಿದೆ! ಕರಾವಳಿ ಉದ್ದಕ್ಕೂ ಹೋಗಿ ಒಳಗೆ ಸ್ವಲ್ಪ ಹೋಗಿ ಬಂದೆ. ಎಂತ ನೀರು ಅಂತೀರಿ! ಮುಂದಿನ ವರ್ಷ ದ್ವೀಪಕ್ಕೇ ಹೋಗೋದು. ನನಗೇನನ್ನಿಸ್ತು ಅಂದ್ರೆ..." ಅವನಿಗೇನನ್ನಿಸಿತು ಎಂಬುದು ಇಪ್ಪತ್ತು ನಿಮಿಷ ನಡೆಯಿತು. ಸೀತೂರಿನವರ ಕವರು ಒಡೆಯುವ ಅಗತ್ಯವಿರಲಿಲ್ಲ, ಅವರು ಎದುರಿಗೇ ಇದ್ದರು. ನನ್ನ ಹಾಳೆಯನ್ನು ದಂತವೈದ್ಯ ಗಟ್ಟಿಯಾಗಿ ಓದಿದ.

"ನಮ್ಮ ಮನೆಯನ್ನು ಮೇಲಿನಿಂದ ನೋಡುವುದು. ನೋಡಿದ್ರಾ ಸಾರ್?"

"ನೋಡಿರಬೇಕು. ಯಾವುದು ಅಂತ ಗೊತ್ತಾಗಲಿಲ್ಲ."

ಮೂರನೆಯವನಾಗಿ ನಾನು ಕುರ್ಚಿ ಹತ್ತಿದೆ. ದೀಪ ಕಣ್ಣಿಗೆ ಹೊಡೆಯಿತು. ಜನವರಿಯ ಸಾಲು ಓದಿದೆ. ಒಪ್ಪಿಗೆ, ಒಪ್ಪಿಗೆ. ಫೆಬ್ರವರಿ, ಮಾರ್ಚ್. ಒಪ್ಪಿಗೆ, ಒಪ್ಪಿಗೆ. ಹಿಂದಿನ ವರ್ಷ ಇದೇ ಕುರ್ಚಿಯಲ್ಲಿ ಓದುವಾಗ ಒಂದೊಂದು ಸಾಲಿಗೂ ಆ ದಿನದ ಗಾಳಿ, ಬೆಳಕು ನೆನಪಾಗಿ ದನಿ ಏರುತ್ತಿತ್ತು. ಈಗ ಪಡಿತರ ಅಂಗಡಿಯ ಪಟ್ಟಿ ಓದಿದಂತಿತ್ತು. ಜೂನಿನಿಂದ ಸೆಪ್ಟೆಂಬರಿನ ತನಕ ಖಾಲಿ. ಅಕ್ಟೋಬರಿನಲ್ಲಿ ಎರಡು ಸಾಲು. ಆಮೇಲೆ ನವೆಂಬರ್.

"ಕ್ಲಬ್ಬಿನಿಂದ ಶೃಂಗೇರಿ, ವಾಪಸ್ ಕ್ಲಬ್ಬು. ಎರಡೂವರೆ ಗಂಟೆ. ಷರಾ, ವಿಶೇಷವಿಲ್ಲ."

"ಒಪ್ಪಿಗೆ" ಎಂದ ದಂತವೈದ್ಯ.

ಸೀತೂರಿನವರು ಕೋಡುಬಳೆ ಮುರಿಯುತ್ತಿದ್ದರು. ಮುರಿದು ತಿಂದರು.

"ಅಣ್ಣಾವ್ರೇ, ಒಪ್ಪಿಗೆ ಹೇಳಿ ಮಾರಾಯ್ರೆ. ಊಟಕ್ಕೆ ಹೊತ್ತಾಗ್ತದೆ."

"ಇನ್ನೊಂದ್ಸಲ ಓದಲಿ" ಎಂದರು.

ಓದಿದೆ. ಅವರು ಮೀಸೆಯ ಮೇಲಿನ ಪುಡಿ ಕೊಡವಿಕೊಂಡರು.

"ಇನ್ನೊಂದ್ಸಲ."

ಮಹಜರಿನಲ್ಲಿ ತಕರಾರಿದ್ದರೆ ಸಾಲನ್ನು ಮೂರು ಬಾರಿ ಓದುವುದು ನನ್ನ ಪದ್ಧತಿಯಾಗಿತ್ತು. ಮೂರನೆಯ ಸಲಕ್ಕೆ ಸುಳ್ಳು ಹೇಳಿದವನು ಸಾಮಾನ್ಯವಾಗಿ ತನ್ನ ಕಾಲ ಬೆರಳು ನೋಡುತ್ತಾನೆ. ಹಲ್ಲಿನ ಕುರ್ಚಿಯಲ್ಲಿ ಕಾಲು ಮೇಲೆ ಚಾಚಿಕೊಂಡೇ ಇರುತ್ತದೆ, ನೋಡಲು ಅನುಕೂಲ. ನಾನು ಮೂರನೆಯ ಸಲ ಓದಲಿಲ್ಲ.

"ಎಡಗೈ ಎರಡು ಬೆರಳಿಗೆ ಮುಟ್ಟಿದ್ದು ತಿಳಿಯಲ್ಲ" ಎಂದೆ. "ಜುಲೈಯಿಂದ."

ದಂತವೈದ್ಯನಿಗೆ ಒಂದು ಕ್ಷಣ ಮಾತು ಬರಲಿಲ್ಲ. ಅವನನ್ನು ಬಲ್ಲವರಿಗೆ ಇದು ಸಣ್ಣ ಘಟನೆಯಲ್ಲ. ಆಮೇಲೆ ಎದ್ದು ಕೈ ತೊಳೆದ, ಗ್ಲೌಸ್ ಹಾಕಿದ, ಹಲ್ಲು ಕೆದಕುವ ಸೂಜಿಮೊನೆಯ ಕಡ್ಡಿಯೊಂದನ್ನು ಕವರಿನಿಂದ ಬಿಚ್ಚಿದ.

"ಕಣ್ಣು ಮುಚ್ಚಿ ಸಾರ್. ಎಡಗೈ ಕೊಡಿ. ಗೊತ್ತಾದ್ರೆ ಹೇಳಿ."

ಮುಚ್ಚಿದೆ.

"ಈಗ?"

"ಹೂಂ. ಹೆಬ್ಬೆರಳು."

"ಈಗ?"

"ನಡು ಬೆರಳು."

ಹೊರಗೆ ಬಸ್ಸಿನವನೊಬ್ಬ ಶೃಂಗೇರಿ, ಶೃಂಗೇರಿ ಎಂದು ಕೂಗುತ್ತಿದ್ದ.

"ಆ ಎರಡು ಬೆರಳು ಶುರು ಮಾಡು ಮಾರಾಯ" ಎಂದೆ.

"ಆಯ್ತು ಸಾರ್. ನಾಲ್ಕು ಸಲ ಚುಚ್ಚಿದೆ."

ಕಣ್ಣು ಬಿಟ್ಟೆ. ಕಿರುಬೆರಳ ತುದಿಯಲ್ಲಿ ಒಂದು ಹನಿ ರಕ್ತವಿತ್ತು. ಅವನು ಹತ್ತಿ ಒತ್ತಿದ. ಅದೂ ತಿಳಿಯಲಿಲ್ಲ.

ಇನ್ನು ಫಾರ್ಮಿನ ವಿಷಯ. ದಂತವೈದ್ಯ ಒಳ್ಳೆಯ ಮನಸ್ಸಿನವನು. ನನಗೆ ದುಃಖವಾಗಿರಬೇಕೆಂದು ತಿಳಿದು ದಾರಿ ಹುಡುಕತೊಡಗಿದ. "ನೋಡಿ ಸಾರ್, ತಪಾಸಣೆಯಲ್ಲಿ ಕಣ್ಣು ನೋಡ್ತಾರೆ, ಕಿವಿ ನೋಡ್ತಾರೆ, ಎದೆ ನೋಡ್ತಾರೆ. ಕಿರುಬೆರಳು ಯಾರು ನೋಡ್ತಾರೆ? ಈ ಸಲ ಇಲ್ಲ ಅಂತ ಬರೆದು ಪಾಸಾಗಿ, ಆಮೇಲೆ ಚಿಕಿತ್ಸೆ ಮಾಡ್ಸಿ. ಹೇಗೂ ಅಣ್ಣಾವ್ರು ಬಲಗಡೆ ಇರ್ತಾರೆ. ಅಲ್ವಾ ಅಣ್ಣಾವ್ರೇ?"

ಸೀತೂರಿನವರು ಕಷಾಯದ ಲೋಟ ಕೆಳಗಿಟ್ಟರು.

"ಅಂಗಳದಲ್ಲಿ ಹೆಂಗಸು ಇತ್ತು" ಎಂದರು.

ಅವರು ಅಂದು ಆಡಿದ ಉದ್ದದ ಮಾತು ಅದೇ. ನಾನು ಪೆನ್ನು ಕೇಳಿ, 'ವಿಶೇಷವಿಲ್ಲ' ಎಂಬುದಕ್ಕೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ರುಜು ಹಾಕಿ, ಕೆಳಗೆ ಬರೆದೆ: 'ಎಡಗೈ ಬೆರಳುಗಳಲ್ಲಿ ಸ್ಪರ್ಶವಿಲ್ಲದ ಕಾರಣ ವಿಮಾನ ಹಿಡಿತ ತಪ್ಪಿತು. ಅರ್ಧ ನಿಮಿಷ ಬಲಗಡೆಯವರು ನಡೆಸಿದರು. ಗುರುತಿಸಿದ ಮನೆ ಬೇರೆಯವರದು.' ಗಟ್ಟಿಯಾಗಿ ಓದಿದೆ.

"ಒಪ್ಪಿಗೆ" ಎಂದರು ಸೀತೂರಿನವರು.

"ಒಪ್ಪಿಗೆ" ಎಂದ ದಂತವೈದ್ಯ, ಬೇರೆ ಕಡೆ ನೋಡುತ್ತಾ.

ಮುಂದಿನ ವರ್ಷದ ಸಂಕಲ್ಪ ಬರೆಯುವ ಹೊತ್ತಿಗೆ ದಂತವೈದ್ಯ ದ್ವೀಪದ ಬಗ್ಗೆ ಒಂದು ಪುಟ ತುಂಬಿಸಿದ. ಸೀತೂರಿನವರು ಎರಡು ಪದ ಬರೆದರು. ನಾನು ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು ಏನಾದರೂ ಬಯಕೆ ಇದೆಯೇ ಎಂದು ಒಳಗೆಲ್ಲ ಹುಡುಕಿದೆ, ಹಳೆಯ ಕೋಟಿನ ಜೇಬು ತಡಕಿದ ಹಾಗೆ. ಖಾಲಿ ಹಾಳೆಯಾದರೂ ಮಡಚಿ ಹಾಕಲೇಬೇಕೆಂಬುದು ನಿಯಮ. ಮಡಚಿ ಹಾಕಿದೆ. ಕವರು ಪ್ಲಾಸ್ಟರ್ ದವಡೆಗಳ ನಡುವೆ ಹೋಗಿ ಕೂತಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಹೊರಟೆ. "ಗೊತ್ತು" ಎಂದಳು. "ಯಾವಾಗ ಹೇಳ್ತೀರಿ ಅಂತ ನೋಡ್ತಿದ್ದೆ." ಎಡಗೈ ತೆಗೆದುಕೊಂಡು ಆ ಎರಡು ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದಳು. ಬಿಗಿಯಾಗಿಯೇ ಹಿಡಿದಿದ್ದಳು, ಅವಳ ಗೆಣ್ಣು ಬೆಳ್ಳಗಾದದ್ದು ಕಾಣುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಬಿಟ್ಟು, ಬಿಸಿಲು ಇಳಿಯಿತೆಂದು ಅಂಗಳಕ್ಕೆ ಅಡಿಕೆ ಮುಚ್ಚಲು ಹೋದಳು. ಟಾರ್ಪಾಲಿನ ಇನ್ನೊಂದು ತುದಿ ನಾನು ಹಿಡಿದೆ, ಬಲಗೈಯಲ್ಲಿ.

ಜನವರಿಯಲ್ಲಿ ತಪಾಸಣೆಗೆ ಹೋದೆ. ಫಾರ್ಮಿನಲ್ಲಿ ಆ ಸಾಲಿಗೆ 'ಹೌದು' ಎಂದು ಗುರುತು ಹಾಕಿದೆ. ವೈದ್ಯರು ಕನ್ನಡಕದ ಮೇಲಿನಿಂದ ನೋಡಿದರು.

"ಎಷ್ಟು ಸಮಯದಿಂದ?"

"ಜುಲೈ."

"ಲಾಗ್ ಬುಕ್ಕಿನಲ್ಲಿ ನವೆಂಬರಿನದೊಂದು ಹಾರಾಟ ಇದೆಯಲ್ಲ?"

"ಇದೆ. ಷರಾ ಓದಿ."

ಓದಿದರು. ಎರಡು ಸಲ ಓದಿದರೆಂದು ಕಾಣುತ್ತದೆ. ಆಮೇಲೆ ನನ್ನ ಮೊಣಕೈಯನ್ನು ಒತ್ತಿ, ತಟ್ಟಿ, ಅಲ್ಲಿ ನರವೊಂದು ಬಹಳ ಕಾಲದಿಂದ ಅದುಮಿಹೋಗಿದೆ ಎಂದರು. ಎಡ ಮೊಣಕೈ ಊರಿ ಕೂರುವ ಅಭ್ಯಾಸವಿತ್ತೇ ಎಂದು ಕೇಳಿದರು. ಮೂವತ್ತೊಂದು ವರ್ಷ ನಕ್ಷೆಯ ಮೇಜಿನ ಮೇಲೆ ಎಡ ಮೊಣಕೈ ಊರಿ ಬಲಗೈಯಲ್ಲಿ ಬೇರೆಯವರ ಗಡಿ ಎಳೆದಿದ್ದೇನೆ ಎಂದೆ. ಅವರು ಅದನ್ನು ಚಿಕ್ಕದಾಗಿ ಬರೆದುಕೊಂಡರು. ಶಸ್ತ್ರಚಿಕಿತ್ಸೆ ಮಾಡಬಹುದು, ಬೆರಳು ಬರಲೂಬಹುದು, ಬರದೆಯೂ ಇರಬಹುದು ಎಂದರು.

ಶಸ್ತ್ರಚಿಕಿತ್ಸೆ ಮಾರ್ಚಿನಲ್ಲಿ ಆಯಿತು. ಬೆರಳು ಬಂದಿಲ್ಲ. ಜನವರಿಯ ಕೊನೆಗೆ ಹಳೆಯ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಹೊಸದನ್ನು ಕೊಡಲಿಲ್ಲ. ಈ ವರ್ಷದ ಲಾಗ್ ಬುಕ್ಕಿನಲ್ಲಿ ಒಂದೂ ಸಾಲಿಲ್ಲ.